ನೆಟ್‌ವರ್ಕ್ ಬಂತು ಎಂದರೆ ಏನು ಬಂತು?

ಕಚೇರಿಯ ಕಡತಗಳೆಲ್ಲ ಮೂಲೆಯಲ್ಲಿಟ್ಟ ಒಂದು ಸರ್ವರಿನಲ್ಲಿವೆ. ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಅವಕ್ಕೆಂದೇ ಒಂದು ಫೋಲ್ಡರ್ ಇದೆ. ತೆರೆದರೆ ಸರ್ವರಿನ ಕಡತಗಳು ಈ ಯಂತ್ರದವೇ ಎಂಬಷ್ಟು ಸಲೀಸಾಗಿ ಕಾಣಬೇಕು. ಆದರೆ ಬೆಳಿಗ್ಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ಫೋಲ್ಡರ್ ಖಾಲಿ. ಗೊತ್ತಿದ್ದವರೊಬ್ಬರು ಬಂದು, ಟರ್ಮಿನಲ್ ತೆರೆದು, ಪಟ್ಟಿಯಲ್ಲಿರುವ ಫೋಲ್ಡರುಗಳನ್ನೆಲ್ಲ ಮೌಂಟ್ ಮಾಡು, ಅಂದರೆ ಜೋಡಿಸು, ಎಂಬ ಒಂದು ಸಾಲಿನ ಆದೇಶ ಕೊಡುತ್ತಾರೆ. ಕಡತಗಳೆಲ್ಲ ಹಾಜರ್. ಮರುದಿನ ಬೆಳಿಗ್ಗೆ ಮತ್ತೆ ಖಾಲಿ.

ಕೈಯಾರೆ ಮಾಡಿದರೆ ಆಗುತ್ತದೆ, ತಾನಾಗಿ ಆಗುವುದಿಲ್ಲ. ಈ ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ಆದೇಶ ಕೊಟ್ಟವರು ಹೊಸದೇನನ್ನೂ ಹೇಳಿಲ್ಲ. ಬೂಟ್ ಆಗುವಾಗ ಕಂಪ್ಯೂಟರ್ ಓದಿದ್ದ ಪಟ್ಟಿಯನ್ನೇ ಇನ್ನೊಮ್ಮೆ ಓದಿಸಿದ್ದಾರೆ, ಅಷ್ಟೆ. ಅಂದಮೇಲೆ ಸರ್ವರಿನ ವಿಳಾಸ, ಪಾಸ್‌ವರ್ಡ್, ಅನುಮತಿ ಎಲ್ಲವೂ ಸರಿಯಿವೆ. ಎರಡು ಪ್ರಯತ್ನಗಳ ನಡುವೆ ಬದಲಾದದ್ದು ಗಡಿಯಾರ. ಹೀಗಿದ್ದೂ ಜನ ಮೊದಲು ಪಾಸ್‌ವರ್ಡ್ ಬದಲಿಸುತ್ತಾರೆ, ಆಮೇಲೆ ಕೇಬಲ್ ಬದಲಿಸುತ್ತಾರೆ, ಕೊನೆಗೆ ಆಪರೇಟಿಂಗ್ ಸಿಸ್ಟಮ್ಮನ್ನೇ ಅಳಿಸಿ ಹೊಸದಾಗಿ ಹಾಕುತ್ತಾರೆ.

ಕೈಯಾರೆ ಕೊಟ್ಟ ಆದೇಶವೂ ಸೋತರೆ ಅದು ಬೇರೆಯೇ ಕಥೆ. ಅದರಲ್ಲಿ ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ, ಬಹಳ ಮಂದಿಯ ತಲೆ ತಿಂದ ಪ್ರಕರಣ ಅದು. ವಿಂಡೋಸ್ ಲೋಕದಲ್ಲಿ ಫೋಲ್ಡರ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ಪ್ರೋಟೊಕಾಲ್ ಮೂಲಕ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, ಮೈಕ್ರೊಸಾಫ್ಟ್ ಕೈಯಲ್ಲಿ ಬೆಳೆದದ್ದು. ವಿಂಡೋಸ್‌ನಲ್ಲಿ ಇದರ ಮೊದಲ ಆವೃತ್ತಿಗಾಗಿ ಬರೆದ ಕೋಡಿನಲ್ಲಿದ್ದ ದೋಷವನ್ನು ಹಿಡಿದೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಲಿನಕ್ಸ್ 4.13 ಕರ್ನಲ್, ಪ್ರತ್ಯೇಕವಾಗಿ ಹೇಳದ ಹೊರತು, ಆ ಮೊದಲ ಆವೃತ್ತಿಯನ್ನು ಬಳಸುವುದನ್ನು ಬಿಟ್ಟಿತು. ಹಳೆಯ ಸ್ಟೋರೇಜ್ ಪೆಟ್ಟಿಗೆಗಳಿಗೆ ಬೇರೆ ಆವೃತ್ತಿ ಬರುವುದೇ ಇಲ್ಲ. ಕರ್ನಲ್ ಅಪ್‌ಡೇಟ್ ಆದ ಮೇಲೆ ಅವನ್ನು ಮೌಂಟ್ ಮಾಡಹೋದವರಿಗೆ ಸಿಕ್ಕಿದ ಸಂದೇಶ: ‘ಹೋಸ್ಟ್ ಈಸ್ ಡೌನ್’. ಪೆಟ್ಟಿಗೆಯೋ ಪಕ್ಕದಲ್ಲೇ ಹಸಿರು ದೀಪ ಮಿನುಗಿಸುತ್ತ ಕೂತಿದೆ! ದೋಷಸಂದೇಶವನ್ನು ಅಕ್ಷರಶಃ ನಂಬಬಾರದು, ಆದರೆ ಓದದೆಯೂ ಇರಬಾರದು. ಈ ಮಾತಿಗೆ ಆಮೇಲೆ ಮರಳುತ್ತೇನೆ.

ಈಗ ಹೊತ್ತಿನ ವಿಚಾರ. ಯುನಿಕ್ಸ್ ಮತ್ತು ಲಿನಕ್ಸ್ ಲೋಕದಲ್ಲಿ ಫೋಲ್ಡರ್ ಹಂಚಿಕೆಗೆ ಹೆಚ್ಚು ಬಳಕೆಯಲ್ಲಿರುವುದು ಎನ್‌ಎಫ್‌ಎಸ್. ಕ್ಯಾಲಿಫೋರ್ನಿಯಾದ ಸನ್ ಮೈಕ್ರೊಸಿಸ್ಟಮ್ಸ್ 1984ರ ಸುಮಾರಿಗೆ ಇದನ್ನು ರೂಪಿಸಿತು. ಆಗ ಡಿಸ್ಕ್ ದುಬಾರಿ. ಸ್ವಂತ ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನು ಸನ್ ಮಾರುತ್ತಿತ್ತು. ಅವಕ್ಕೆ ಬೂಟ್ ಆಗುವುದಕ್ಕೂ ನೆಟ್‌ವರ್ಕಿನಾಚೆಯ ಸರ್ವರೇ ಗತಿ. ಹಾಗಾಗಿ ಎನ್‌ಎಫ್‌ಎಸ್‌ನ ವಿನ್ಯಾಸಕರು ಸರ್ವರ್ ಬಿದ್ದು ಏಳುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಯಾರು ಯಾವ ಕಡತ ತೆರೆದಿದ್ದಾರೆ ಎಂಬುದನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತಲೇ ಇರಲಿಲ್ಲ. ಅದು ಮಧ್ಯದಲ್ಲಿ ರೀಬೂಟ್ ಆದರೆ ಕ್ಲೈಂಟ್ ಕೇಳಿದ್ದನ್ನೇ ಕೇಳುತ್ತ ಕಾಯುತ್ತದೆ. ಸರ್ವರ್ ಎದ್ದ ಕೂಡಲೇ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆ ತಲೆಮಾರಿನ ಬಳಕೆದಾರರಿಗೆಲ್ಲ ಪರಿಚಿತವಾದ ಸಾಲು ಎಂದರೆ, ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ ಎಂಬುದು. ನಾಲ್ಕನೇ ಆವೃತ್ತಿಯಲ್ಲಿ ಸರ್ವರ್ ಕೆಲವನ್ನು ನೆನಪಿಡಲು ಶುರುಮಾಡಿತು. ಪಟ್ಟು ಬಿಡದೆ ಕಾಯುವ ಗುಣ ಮಾತ್ರ ಉಳಿಯಿತು.

ಆದರೆ ಈ ತಾಳ್ಮೆಯೆಲ್ಲ ಒಮ್ಮೆ ಮೌಂಟ್ ಆದ ಫೋಲ್ಡರಿಗೆ. ಬೂಟ್ ಹೊತ್ತಿನ ಮೊದಲ ಭೇಟಿಗೆ ಆ ಭಾಗ್ಯವಿಲ್ಲ. ಲಿನಕ್ಸ್‌ನಲ್ಲಿ ಯಾವ ಯಾವ ಫೋಲ್ಡರನ್ನು ಎಲ್ಲಿಗೆ ಜೋಡಿಸಬೇಕು ಎಂಬ ಪಟ್ಟಿ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿರುತ್ತದೆ. ಒಂದೊಂದು ಸಾಲಿಗೆ ಆರು ಅಂಕಣ: ಎಲ್ಲಿಂದ, ಎಲ್ಲಿಗೆ, ಯಾವ ಬಗೆ, ಯಾವ ಷರತ್ತು, ಕೊನೆಯಲ್ಲಿ ಎರಡು ಅಂಕೆ. ಹಿಂದೆಯೂ ಜನ ಎನ್‌ಎಫ್‌ಎಸ್ ಬಳಸುತ್ತಿದ್ದರು, ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಇತ್ತು. ಹಾಗಾದರೆ ಹಿಂದೆ ಇಲ್ಲದ ತಾಪತ್ರಯ ಈಗೇಕೆ ಹೆಚ್ಚು?

ಹಿಂದೆ ಬೂಟ್ ಎಂದರೆ ಸರತಿ ಸಾಲು. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಆರಂಭದ ಸ್ಕ್ರಿಪ್ಟ್‌ಗಳಿಗೆ ಕ್ರಮಸಂಖ್ಯೆ ಇರುತ್ತಿತ್ತು. ನೆಟ್‌ವರ್ಕ್ ಎಬ್ಬಿಸುವ ಸ್ಕ್ರಿಪ್ಟಿನ ಸಂಖ್ಯೆ 10, ನೆಟ್‌ವರ್ಕ್ ಫೋಲ್ಡರುಗಳನ್ನು ಮೌಂಟ್ ಮಾಡುವುದರ ಸಂಖ್ಯೆ 25. ಹತ್ತು ಮುಗಿಯದೆ ಹನ್ನೊಂದು ಇಲ್ಲ. ನಡುವಿನ ಸ್ಕ್ರಿಪ್ಟ್‌ಗಳು ನಿಧಾನವಾಗಿ ಓಡುತ್ತಿದ್ದಾಗ ನೆಟ್‌ವರ್ಕಿಗೆ ಪುಕ್ಕಟೆ ಕಾಲಾವಕಾಶ ಸಿಗುತ್ತಿತ್ತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಎಂಬ ಹೊಸ ವ್ಯವಸ್ಥೆ ತಂದರು. 2011ರ ಫೆಡೋರಾ 15ರಿಂದ ಶುರುವಾಗಿ ಪ್ರಮುಖ ಲಿನಕ್ಸ್‌ಗಳೆಲ್ಲ ಹೆಚ್ಚುಕಡಿಮೆ ಅದಕ್ಕೇ ಬಂದವು. ಇದರಲ್ಲಿ ಒಂದರ ಮೇಲೊಂದು ಅವಲಂಬಿಸದ ಕೆಲಸಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಯಾವುದಕ್ಕೆ ಯಾವುದು ಮೊದಲು ಆಗಿರಬೇಕು ಎಂದು ಬರೆದು ಹೇಳಬೇಕು. ಹೇಳದಿದ್ದರೆ ಅದು ಕಾಯುವುದಿಲ್ಲ. ಜೊತೆಗೆ ಎಸ್‌ಎಸ್‌ಡಿಗಳು ಬಂದವು. ಕಂಪ್ಯೂಟರ್ ಹತ್ತಿಪ್ಪತ್ತು ಸೆಕೆಂಡಿಗೆ ಎದ್ದು ಕೂರುತ್ತದೆ, ಮೂಲೆಯ ರೂಟರ್ ಇನ್ನೂ ಕಣ್ಣುಜ್ಜುತ್ತಿರುತ್ತದೆ. ವೇಗ ಹೆಚ್ಚಿದ್ದರಿಂದಲೇ ಹುಟ್ಟಿದ ತೊಂದರೆ ಇದು. ಸಿಸ್ಟಮ್‌ಡಿಯನ್ನು ಬೈಯುವವರು ಬೇಕಾದಷ್ಟಿದ್ದಾರೆ. ನನಗನ್ನಿಸುವಂತೆ ಅದು ಹಳೆಯ ಅದೃಷ್ಟವನ್ನು ಬಯಲಿಗೆಳೆಯಿತಷ್ಟೆ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ: ನೆಟ್‌ವರ್ಕ್ ಬಂತು ಎನ್ನುವುದು ಯಾವ ಕ್ಷಣಕ್ಕೆ? ಅಂಥ ಒಂದು ಕ್ಷಣ ಇಲ್ಲ. ಮೊದಲು ಕೇಬಲಿನ ಎರಡು ತುದಿಗಳೂ ಯಾವ ವೇಗದಲ್ಲಿ ಮಾತಾಡಬೇಕೆಂದು ತೀರ್ಮಾನಿಸಿಕೊಳ್ಳಬೇಕು, ಅದಕ್ಕೆ ಒಂದೆರಡು ಸೆಕೆಂಡು. ಪೋರ್ಟಿನ ದೀಪ ಹೊತ್ತಿತು ಎಂದು ಖುಷಿಪಡುವ ಹಾಗಿಲ್ಲ. ದೊಡ್ಡ ಕಚೇರಿಗಳ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ಕ್ರಮ ಇರುತ್ತದೆ. 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದ ರಾಡಿಯಾ ಪರ್ಲ್‌ಮನ್ ರೂಪಿಸಿದ್ದು. ಯಾರಾದರೂ ತಪ್ಪಿ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದರೆ ಸಂದೇಶಗಳು ಸುತ್ತು ಹೊಡೆಯುತ್ತ ಇಡೀ ಜಾಲವನ್ನೇ ಉಸಿರುಗಟ್ಟಿಸುತ್ತವೆ. ಅದನ್ನು ತಪ್ಪಿಸುವ ಉಪಾಯ. ಇದರ ಮೂಲ ನಿಯಮದ ಪ್ರಕಾರ ಹೊಸದಾಗಿ ಎದ್ದ ಪೋರ್ಟ್ 15 ಸೆಕೆಂಡು ಬರೀ ಕೇಳಿಸಿಕೊಳ್ಳುತ್ತದೆ, ಇನ್ನು 15 ಸೆಕೆಂಡು ಯಾರು ಎಲ್ಲಿದ್ದಾರೆಂದು ಕಲಿಯುತ್ತದೆ. ಆ ಅರ್ಧ ನಿಮಿಷ ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರಿನ ಒಂದು ಮಾತೂ ಆಚೆಗೆ ಹೋಗುವುದಿಲ್ಲ. ಇಲ್ಲಿ ಬರೀ ಕಂಪ್ಯೂಟರ್ ಇದೆ, ಕಾಯಬೇಡ ಎಂದು ಪೋರ್ಟಿಗೆ ಹೇಳಿಡುವ ಸೌಲಭ್ಯ ಇದೆ. ನೆಟ್‌ವರ್ಕ್ ನೋಡಿಕೊಳ್ಳುವವರು ಅದನ್ನು ಹಾಕಿರಬೇಕು.

ಆಮೇಲೆ ಡಿಎಚ್‌ಸಿಪಿ. ನನಗೊಂದು ವಿಳಾಸ ಕೊಡಿ ಎಂದು ಕಂಪ್ಯೂಟರ್ ಕೂಗಬೇಕು, ರೂಟರ್ ಇಗೋ ಇದು ಎನ್ನಬೇಕು, ಅದೇ ಇರಲಿ ಎಂದು ಇದು ಒಪ್ಪಬೇಕು, ಆಯಿತು ಎಂದು ಅದು ಮುದ್ರೆ ಒತ್ತಬೇಕು. ವಿಳಾಸ ಸಿಕ್ಕಿದರೂ ಸರ್ವರಿನ ಹೆಸರನ್ನು ಅಂಕೆಗಳ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ಬೇಕು. ಮನೆಗಳಲ್ಲಿ ‘ಡಾಟ್ ಲೋಕಲ್’ ಎಂದು ಮುಗಿಯುವ ಹೆಸರುಗಳಿರುತ್ತವಲ್ಲ, ಅವಕ್ಕೆ ಅವಾಹಿ ಎಂಬ ಇನ್ನೊಂದು ಸೇವೆ ಎದ್ದಿರಬೇಕು. ವೈಫೈ ಆದರೆ ಇನ್ನೂ ಒಂದು ತೊಡಕು: ಅದರ ಪಾಸ್‌ವರ್ಡ್ ಒಬ್ಬ ಬಳಕೆದಾರರ ಖಾಸಗಿ ಕೀಲಿಕೋಶದಲ್ಲಿ ಉಳಿಸಿದ್ದರೆ, ಅವರು ಲಾಗಿನ್ ಆಗುವ ತನಕ ವೈಫೈ ಸೇರುವುದೇ ಇಲ್ಲ. ಬೂಟ್ ಹೊತ್ತಿನಲ್ಲಿ ಎಷ್ಟು ಕಾಯಿಸಿದರೂ ಪ್ರಯೋಜನವಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಎಲ್ಲ ಬಳಕೆದಾರರಿಗೂ’ ಎಂಬ ಚೌಕಕ್ಕೆ ಗುರುತು ಹಾಕಿದರೆ ಸಮಸ್ಯೆ ಮಾಯ. ವಾರಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಇಷ್ಟು ಸಣ್ಣ ಪರಿಹಾರ ಕೇಳಿ ಸಿಟ್ಟೇ ಬರುತ್ತದೆ.

ಸಿಸ್ಟಮ್‌ಡಿಯಲ್ಲಿ ಎರಡು ಮೈಲಿಗಲ್ಲುಗಳಿವೆ. ಒಂದರ ಹೆಸರು ನೆಟ್‌ವರ್ಕ್ ಟಾರ್ಗೆಟ್, ಇನ್ನೊಂದು ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್. ಮೊದಲನೆಯದನ್ನು ದಾಟಿತು ಎಂದರೆ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ಚಾಲೂ ಆಗಿದೆ ಎಂದಷ್ಟೇ ಅರ್ಥ. ಒಲೆ ಹಚ್ಚಿದ್ದಾಯಿತು, ಅನ್ನ ಬೆಂದಿಲ್ಲ. ಸ್ವಂತವಾಗಿ ಸ್ಕ್ರಿಪ್ಟ್ ಬರೆಯುವವರು ಎಡವುವುದು ಬಹುಪಾಲು ಇಲ್ಲೇ. ಎರಡನೆಯದು ನಿಜವಾಗಿ ವಿಳಾಸ ಸಿಗುವವರೆಗೆ ಕಾಯಬೇಕಾದದ್ದು. ಎಫ್‌ಎಸ್‌ಟ್ಯಾಬ್‌ನಲ್ಲಿ ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಬಗೆಯ ಸಾಲು ಕಂಡರೆ ಸಿಸ್ಟಮ್‌ಡಿ ಅದನ್ನು ತಾನಾಗಿಯೇ ಎರಡನೆಯದರ ಹಿಂದೆ ನಿಲ್ಲಿಸುತ್ತದೆ. ಆದರೆ ನಿಜವಾಗಿ ಕಾಯುವ ಕೆಲಸ ಮಾಡುವುದು ಇನ್ನೊಂದು ಪುಟ್ಟ ಸೇವೆ. ಬೂಟ್ ನಿಧಾನವಾಗುತ್ತದೆಂದು ಯಾರೋ ಅದನ್ನು ಆಫ್ ಮಾಡಿಟ್ಟಿದ್ದರೆ, ಆನ್‌ಲೈನ್ ಎಂಬ ಮೈಲಿಗಲ್ಲನ್ನು ಯಂತ್ರ ಕಾಯದೆಯೇ ದಾಟಿಬಿಡುತ್ತದೆ. ಬೂಟ್ ವೇಗ ಹೆಚ್ಚಿಸಿ ಎಂಬ ಸಲಹೆಗಳಲ್ಲಿ ಇದು ತಪ್ಪದೆ ಇರುತ್ತದೆ! ಉಲ್ಟಾ ಪ್ರಕರಣವೂ ಉಂಟು. ಎರಡು ಪೋರ್ಟ್ ಇರುವ ಯಂತ್ರದಲ್ಲಿ ಒಂದಕ್ಕೆ ಕೇಬಲ್ಲೇ ಹಾಕಿಲ್ಲ. ಸಿಸ್ಟಮ್‌ಡಿಯ ಸ್ವಂತ ನೆಟ್‌ವರ್ಕ್ ಸೇವೆ ತನ್ನ ಸುಪರ್ದಿಯ ಎರಡೂ ಏಳಲಿ ಎಂದು 2 ನಿಮಿಷ ಪೂರ್ತಿ ಕಾದು ಸೋಲೊಪ್ಪುತ್ತದೆ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸುವವರಿಗೆ ಅದರ ಸೆಟ್ಟಿಂಗ್ ಪಟ್ಟಿಯಲ್ಲೇ ಬೂಟ್ ಹೊತ್ತಿಗೆ ನೆಟ್‌ವರ್ಕಿಗಾಗಿ ಕಾಯಲೇ ಎಂಬ ಆಯ್ಕೆ ಇರುತ್ತಿತ್ತು.

ಯಾವ ಮೆಟ್ಟಿಲಲ್ಲಿ ಎಡವಿತು ಎಂದು ತಿಳಿಯಲು ಊಹೆ ಬೇಕಿಲ್ಲ. ಈ ಬಾರಿಯ ಬೂಟ್‌ನ ದಾಖಲೆಯನ್ನು ಜರ್ನಲ್‌ನಿಂದ ತೆಗೆದು, ಆ ಮೌಂಟ್‌ಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ನೋಡಬೇಕು. ದೋಷಸಂದೇಶಗಳನ್ನು ಓದದೆ ಇರಬಾರದು ಎಂದದ್ದು ಇದಕ್ಕೇ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದಿದ್ದರೆ ಇನ್ನೂ ವಿಳಾಸವೇ ಸಿಕ್ಕಿರಲಿಲ್ಲ. ಹೆಸರು ಗೊತ್ತಿಲ್ಲ ಎಂದಿದ್ದರೆ ಡಿಎನ್‌ಎಸ್ ಎದ್ದಿರಲಿಲ್ಲ. ಹೆಸರಿನ ಬದಲು ಅಂಕೆಗಳ ವಿಳಾಸ ಬರೆದು ನೋಡಬಹುದು. ‘ನೋ ರೂಟ್ ಟು ಹೋಸ್ಟ್’ ಎಂದರೆ, ಒಂದೇ ಕಟ್ಟಡದ ಜಾಲದಲ್ಲಿ, ಸಾಮಾನ್ಯವಾಗಿ ಸರ್ವರ್ ಯಂತ್ರವೇ ಓಗೊಡಲಿಲ್ಲ ಎಂದು. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಯಂತ್ರ ಎದ್ದಿದೆ, ಅದರೊಳಗಿನ ಹಂಚಿಕೆಯ ಸೇವೆ ಇನ್ನೂ ಎದ್ದಿಲ್ಲ. ‘ಪರ್ಮಿಷನ್ ಡಿನೈಡ್’ ಎಂದಾಗ ಮಾತ್ರ ಪಾಸ್‌ವರ್ಡ್, ಅನುಮತಿಗಳತ್ತ ನೋಡಿ. ಅಲ್ಲೂ ಒಂದು ಚೋದ್ಯ ಇದೆ. ಕರ್ಬೆರೋಸ್ ಭದ್ರತೆ ಇರುವ ಜಾಲದಲ್ಲಿ ಎರಡು ಯಂತ್ರಗಳ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಐದನೇ ಮಾದರಿಗೆ ಮುಂಚಿನ ರಾಸ್‌ಬೆರಿ ಪೈ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರಕ್ಕೆ ಏರ್ಪಾಡೇ ಇರಲಿಲ್ಲ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ಇಂಟರ್ನೆಟ್‌ನಿಂದ ಸಮಯ ತಿಳಿಯುವ ತನಕ ಅವು ನಿನ್ನೆಯಲ್ಲೇ ಇರುತ್ತವೆ.

ಇನ್ನು ಸರ್ವರ್ ಕಡೆಯ ಸಮಸ್ಯೆ. ಕರೆಂಟ್ ಹೋಗಿ ಬಂದಾಗ ರೂಟರ್, ಸ್ವಿಚ್, ಸರ್ವರ್, ಮೇಜಿನ ಕಂಪ್ಯೂಟರ್ ಎಲ್ಲವೂ ಒಂದೇ ಗಳಿಗೆಯಲ್ಲಿ ಹೊರಡುತ್ತವೆ. ಹಲವು ಡಿಸ್ಕ್‌ಗಳ ಸ್ಟೋರೇಜ್ ಪೆಟ್ಟಿಗೆ ಏಳಲು ನಿಮಿಷಗಟ್ಟಲೆ ಬೇಕು. ಆಗ ಕಂಪ್ಯೂಟರಿನ ನೆಟ್‌ವರ್ಕ್ ಎಷ್ಟು ಚೊಕ್ಕವಾಗಿ ಎದ್ದರೂ ಮೌಂಟ್ ಸೋಲುತ್ತದೆ. ದಿನವೂ ಸರಿಯಿದ್ದು ಕರೆಂಟ್ ಹೋದ ಮರುಗಳಿಗೆ ಮಾತ್ರ ಕೈಕೊಡುವ ಯಂತ್ರಗಳ ಗುಟ್ಟು ಇದೇ. ಯುನಿಕ್ಸ್ ಸರ್ವರುಗಳ ಕಾಲದಲ್ಲಿ ಇದರ ಭೀಕರ ರೂಪವೊಂದಿತ್ತು: ಇದು ಅದರ ಫೋಲ್ಡರಿಗೆ ಕಾಯುತ್ತ, ಅದು ಇದರ ಫೋಲ್ಡರಿಗೆ ಕಾಯುತ್ತ, ಎರಡು ಸರ್ವರುಗಳೂ ಬೂಟ್ ಮುಗಿಸದೆ ನಿಲ್ಲುವುದು. ಎನ್‌ಎಫ್‌ಎಸ್‌ನ ‘ಬಿಜಿ’ ಎಂಬ ಷರತ್ತು ಇದಕ್ಕೆ ಮದ್ದು. ಮೊದಲ ಪ್ರಯತ್ನ ಸೋತರೆ ಬೂಟ್ ಮುಂದುವರಿಯಲಿ, ಹಿನ್ನೆಲೆಯಲ್ಲಿ ಪ್ರಯತ್ನ ನಡೆಯುತ್ತಿರಲಿ ಎಂದು ಅದರರ್ಥ. ಲಿನಕ್ಸ್‌ನಲ್ಲಿ ಮಾಮೂಲಿ ಮೌಂಟ್ 2 ನಿಮಿಷಕ್ಕೆ ಕೈಚೆಲ್ಲಿದರೆ, ಹಿನ್ನೆಲೆಯ ಮೌಂಟ್ 10,000 ನಿಮಿಷ ಪ್ರಯತ್ನಿಸುತ್ತದೆ. ಒಂದು ವಾರಕ್ಕೆ 80 ನಿಮಿಷ ಕಡಿಮೆ. ವಾರವಾದರೂ ಸರ್ವರ್ ಎತ್ತದ ಕಚೇರಿಗೆ ಫೋಲ್ಡರ್ ಬೇಕಿಲ್ಲವೆಂದು ತೋರುತ್ತದೆ.

ಪರಿಹಾರ ಕೇಳಿದರೆ ಹೆಚ್ಚಿನವರು ಹೇಳುವುದು: ಬೂಟ್ ಸ್ಕ್ರಿಪ್ಟಿನಲ್ಲಿ 30 ಸೆಕೆಂಡು ಸುಮ್ಮನಿರು ಎಂದು ಬರೆದು, ಆಮೇಲೆ ಮೌಂಟ್ ಮಾಡಿಸಿ. ಇದು ಕೆಲಸ ಮಾಡುತ್ತದೆ, ಮಾಡದ ದಿನದವರೆಗೆ. ಸ್ವಿಚ್ ಬದಲಾದಾಗ 30 ಸಾಲದು, 60 ಮಾಡುತ್ತಾರೆ. ನನ್ನ ಮತ ಆಟೋಮೌಂಟ್ ಕಡೆಗೆ. ಇದರಲ್ಲಿ ಬೂಟ್ ಹೊತ್ತಿಗೆ ಸರ್ವರನ್ನು ಮಾತಾಡಿಸುವುದೇ ಇಲ್ಲ. ಆ ಫೋಲ್ಡರಿನ ಜಾಗದಲ್ಲಿ ಕರ್ನಲ್ ಒಂದು ಕಾವಲು ಇಡುತ್ತದೆ. ಯಾರಾದರೂ ಅದನ್ನು ತೆರೆಯಹೊರಟ ಕ್ಷಣದಲ್ಲಿ ಅವರನ್ನು ತಡೆದು ನಿಲ್ಲಿಸಿ, ಮೌಂಟ್ ಮಾಡಿಸಿ, ಏನೂ ಆಗಿಲ್ಲವೆಂಬಂತೆ ಒಳಗೆ ಬಿಡುತ್ತದೆ. ಸನ್ ಕಂಪನಿ 1980ರ ದಶಕದಲ್ಲೇ ಈ ಉಪಾಯ ಬಳಕೆಗೆ ತಂದಿತ್ತು. ಈಗ ಎಫ್‌ಎಸ್‌ಟ್ಯಾಬ್‌ನ ಷರತ್ತುಗಳ ಅಂಕಣದಲ್ಲಿ ಒಂದು ಪದ ಸೇರಿಸಿದರೆ ಸಾಕು. ಜನ ಲಾಗಿನ್ ಆಗಿ, ಕಾಫಿ ತಂದು, ಫೋಲ್ಡರ್ ತೆರೆಯುವಷ್ಟರಲ್ಲಿ ಸ್ವಿಚ್, ಡಿಎಚ್‌ಸಿಪಿ, ಸರ್ವರ್ ಎಲ್ಲವೂ ಎದ್ದಿರುತ್ತವೆ. ಸರ್ವರ್ ಸತ್ತೇ ಹೋಗಿದ್ದರೆ ಮಾತ್ರ ಆ ಫೋಲ್ಡರ್ ಮುಟ್ಟಿದ ಪ್ರೋಗ್ರಾಂ ಮಿಸುಕಾಡದೆ ನಿಲ್ಲುತ್ತದೆ. ಆ ಬೆಲೆ ಕೊಡಬಹುದಾದದ್ದೇ.

‘ನೋಫೇಲ್’ ಎಂಬ ಇನ್ನೊಂದು ಜನಪ್ರಿಯ ಷರತ್ತಿನ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ. ಮೌಂಟ್ ಆಗದಿದ್ದರೂ ಬೂಟ್ ನಿಲ್ಲಿಸಬೇಡ ಎಂದು ಅದು ಹೇಳುತ್ತದೆ. ಪರದೆಯ ಮೇಲೆ ಒಂದೂವರೆ ನಿಮಿಷದ ಕೌಂಟ್‌ಡೌನ್ ನೋಡುವ ಕಾಟ ತಪ್ಪುತ್ತದೆ, ನಿಜ. ಆದರೆ ಮೌಂಟ್ ಆಗದ ಜಾಗದಲ್ಲಿ ಉಳಿಯುವುದು ಒಂದು ಮಾಮೂಲಿ ಖಾಲಿ ಫೋಲ್ಡರ್, ಅದೂ ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿ. ರಾತ್ರಿ ಬ್ಯಾಕಪ್ ಪ್ರೋಗ್ರಾಂ ಬಂದು ನೋಡುತ್ತದೆ: ಫೋಲ್ಡರ್ ಇದೆ, ಬರೆಯಲು ಅನುಮತಿಯೂ ಇದೆ. ಬರೆಯುತ್ತದೆ. ಬ್ಯಾಕಪ್ ಯಶಸ್ವಿ ಎಂದು ವರದಿಯನ್ನೂ ಕೊಡುತ್ತದೆ. ಪ್ರತಿ ಕಾಯಬೇಕಾದ ಡಿಸ್ಕಿನಲ್ಲೇ ಪ್ರತಿಯೂ ಕೂತಿದೆ! ಕೆಲವು ರಾತ್ರಿಗಳಲ್ಲಿ ಡಿಸ್ಕ್ ತುಂಬುತ್ತದೆ. ಯಾರೋ ಬಂದು ಕೈಯಾರೆ ಮೌಂಟ್ ಮಾಡಿದ ಕೂಡಲೇ ಸರ್ವರಿನ ಫೋಲ್ಡರ್ ಮೇಲೆ ಕೂತು, ಅಡಿಯ ಕಡತಗಳು ಕಣ್ಮರೆಯಾಗುತ್ತವೆ. ಡಿಸ್ಕ್ ತುಂಬಿದೆ ಎನ್ನುತ್ತದೆ ಯಂತ್ರ, ತುಂಬಿಸಿದ್ದು ಏನೆಂದು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೌಂಟ್ ತೆಗೆದು ನೋಡಿದರೆ ಮಾತ್ರ ಕಾಣುತ್ತದೆ.

ಇದನ್ನು ತಡೆಯುವ ಸುಲಭ ದಾರಿ ಮೌಂಟ್ ಆಗದಿದ್ದಾಗಲೇ ಆ ಖಾಲಿ ಫೋಲ್ಡರಿಗೆ ಬದಲಾಯಿಸಲಾಗದು ಎಂಬ ಗುರುತು ಹಚ್ಚುವುದು. ಲಿನಕ್ಸ್‌ನ ಹೆಚ್ಚಿನ ಡಿಸ್ಕ್ ವ್ಯವಸ್ಥೆಗಳಲ್ಲಿ ಈ ಸೌಲಭ್ಯ ಇದೆ. ಗುರುತು ಬಿದ್ದ ಮೇಲೆ ರೂಟ್ ಬಳಕೆದಾರರೂ ಅದರೊಳಗೆ ಒಂದು ಕಡತ ಇಡಲಾರರು, ಆದರೆ ಅದರ ಮೇಲೆ ಮೌಂಟ್ ಮಾಡಲು ಅಡ್ಡಿಯಿಲ್ಲ. ಮೌಂಟ್ ಸೋತ ರಾತ್ರಿ ಬ್ಯಾಕಪ್ ಪ್ರೋಗ್ರಾಂ ಗದ್ದಲ ಮಾಡಿ ಸೋಲುತ್ತದೆ, ಬೆಳಿಗ್ಗೆ ಯಾರಿಗಾದರೂ ಗೊತ್ತಾಗುತ್ತದೆ.

ವಿಂಡೋಸ್‌ನವರು ಇದನ್ನೆಲ್ಲ ಓದಿ ನಗಬೇಕಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೇ ಅಲ್ಲೂ ನೆಟ್‌ವರ್ಕಿಗೆ ಕಾಯದೆ ಲಾಗಿನ್ ಮುಗಿಸುವ ಪದ್ಧತಿ ಬಂದಿತು; ನೆಟ್‌ವರ್ಕ್ ಡ್ರೈವ್‌ಗಳನ್ನು ಮರುಜೋಡಿಸಲಾಗಲಿಲ್ಲ ಎಂಬ ಸೂಚನೆ, ಡ್ರೈವಿನ ಮೇಲೊಂದು ಕೆಂಪು ಕತ್ತರಿ ಗುರುತು, ಕ್ಲಿಕ್ ಮಾಡಿದರೆ ಸುಮ್ಮನೆ ತೆರೆದುಕೊಳ್ಳುವ ಫೋಲ್ಡರ್. ಅದೇ ಜಾಯಮಾನ. ಕಚೇರಿಗಳಿಗೆಂದು ಸದಾ ನೆಟ್‌ವರ್ಕಿಗೆ ಕಾಯಿ ಎಂಬ ನೀತಿಯೊಂದನ್ನು ಮೈಕ್ರೊಸಾಫ್ಟ್ ಇಟ್ಟಿದೆ.

ಆನ್ ಮಾಡುವಾಗ ಕಾಣದ ಎಡವಟ್ಟು ಕೆಲವೊಮ್ಮೆ ಆಫ್ ಮಾಡುವಾಗ ಕಾಣುತ್ತದೆ. ಸಿಸ್ಟಮ್‌ಡಿ ಎಬ್ಬಿಸಿದ ಕ್ರಮವನ್ನೇ ತಿರುಗಿಸಿ ಮಲಗಿಸುತ್ತದೆ: ನೆಟ್‌ವರ್ಕಿನ ಹಿಂದೆ ನಿಂತ ಮೌಂಟ್ ಮೊದಲು ಬಿಚ್ಚಿಕೊಳ್ಳಬೇಕು, ನೆಟ್‌ವರ್ಕ್ ಆಮೇಲೆ. ಎಫ್‌ಎಸ್‌ಟ್ಯಾಬ್‌ನ ಸಾಲಿಗೆ ಇದು ನೆಟ್‌ವರ್ಕಿನದೆಂದು ಗೊತ್ತಿದ್ದರೆ ತಾನೇ ಕ್ರಮ? ಐಸ್ಕಜಿ ಎಂಬ ಬಗೆಯ ಡಿಸ್ಕ್‌ಗಳು ನೆಟ್‌ವರ್ಕಿನಾಚೆ ಇದ್ದರೂ ನೋಡಲು ಮನೆಯ ಡಿಸ್ಕಿನಂತೆಯೇ. ಅವಕ್ಕೆ ‘ನೆಟ್‌ಡೆವ್’ ಎಂಬ ಗುರುತು ಬರೆಯದಿದ್ದರೆ ಬೂಟ್‌ನಲ್ಲಿ ಯಂತ್ರ ತುರ್ತುಸ್ಥಿತಿಯ ಪರದೆಗೆ ಹೋಗಿ ಕೂರಬಹುದು, ಆಫ್ ಮಾಡುವಾಗ ಜಾಲ ಮೊದಲೇ ಕಳಚಿ ಬರೆಯಬೇಕಾದ ದತ್ತಾಂಶ ಇನ್ನೂ ಮೆಮೊರಿಯಲ್ಲೇ ಉಳಿಯಬಹುದು. ಲಾಗೌಟ್ ಆದೊಡನೆ ವೈಫೈ ಬಿಟ್ಟುಹೋಗುವ ಲ್ಯಾಪ್‌ಟಾಪಿನಲ್ಲೂ ಇದೇ ಪಾಡು: ಫೋಲ್ಡರನ್ನು ಬಿಚ್ಚಲು ಸರ್ವರನ್ನು ಕೇಳಬೇಕು, ಕೇಳಲು ದಾರಿಯಿಲ್ಲ, ಆಫ್ ಆಗಲು ಒಂದೂವರೆ ನಿಮಿಷ. ಇಲ್ಲಿಯೂ ಮದ್ದು ಮೊದಲಿನದೇ, ವೈಫೈ ಪಾಸ್‌ವರ್ಡ್ ‘ಎಲ್ಲ ಬಳಕೆದಾರರಿಗೂ’ ಎಂದು ಉಳಿಸುವುದು.